ಅಳುವನ್ನು ತಂತಿಗೆ ಏರಿಸಿದ ಜಿಮಿ ಹೆಂಡ್ರಿಕ್ಸ್

ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡಿಯಲ್ಲಿ, 2020ರ ತೆರವು ಕಾರ್ಯಾಚರಣೆಗೆ ಮುನ್ನ ಒಂದಾದರೂ ಸಂಜೆ ಕಳೆದವರಿಗೆ ಗಿಟಾರಿನ ನಾದ ಅಪರಿಚಿತವಲ್ಲ. ಹಂಪಿಯ ಕಡೆಯಿಂದ ತುಂಗಭದ್ರೆಯನ್ನು ದಾಟಿ ಬರುತ್ತಿದ್ದ ವಿದೇಶಿ ಪ್ರವಾಸಿಗರು ಬತ್ತದ ಗದ್ದೆಗಳ ಅಂಚಿನಲ್ಲಿ ಕುಳಿತು ತಮ್ಮ ನಾಡಿನ ಹಾಡುಗಳನ್ನು ನುಡಿಸುತ್ತಿದ್ದರು. ಹಾಡಿನ ಮಾತು ನಮ್ಮವರಿಗೆ ತಿಳಿಯುತ್ತಿರಲಿಲ್ಲ. ಆದರೆ ಹಾಡು ನಿಂತು ಗಿಟಾರ್ ಒಂದೇ ಮುಂದುವರಿದಾಗ ಮಾತಿನ ತೊಡಕು ಇಲ್ಲವಾಗುತ್ತಿತ್ತು. ಯಾರದೋ ಸಂಕಟವೊಂದು ತಂತಿಯ ಮೇಲೆ ಹರಿದಾಡುತ್ತಿರುವುದು ಯಾರ ಕಿವಿಗಾದರೂ ತಿಳಿಯುವಂತಿತ್ತು.

ರಾಕ್ ಸಂಗೀತದಲ್ಲಿ ಹೀಗೆ ಗಾಯಕ ಸುಮ್ಮನಾಗಿ ವಾದ್ಯ ಒಂಟಿಯಾಗಿ ಮಾತಿಗಿಳಿಯುವ ಭಾಗವನ್ನು ಸೋಲೊ ಎನ್ನುತ್ತಾರೆ. ಹಿಂದೂಸ್ತಾನಿ ಆಲಾಪವನ್ನು ಕೇಳಿ ಬೆಳೆದ ನಮ್ಮ ಭಾಗದವರಿಗೆ ಇದು ತೀರ ದೂರದ ಸಂಗತಿಯೇನಲ್ಲ. ಆ ಸೋಲೊವನ್ನು ಕೈಚಳಕದ ಪ್ರದರ್ಶನದಿಂದ ಮೇಲೆತ್ತಿ ದುಃಖವನ್ನು ಹೇಳುವ ದಾರಿಯನ್ನಾಗಿಸಿದವರಲ್ಲಿ ಅಮೆರಿಕದ ಕಪ್ಪು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನ ಹೆಸರು ಮೊದಲ ಸಾಲಿನಲ್ಲಿದೆ. ತನ್ನದೇ ಹೆಸರಿನಲ್ಲಿ ಆತ ಲೋಕದ ಮುಂದೆ ನಿಂತದ್ದು ನಾಲ್ಕೇ ವರ್ಷ. ವೇದಿಕೆಯ ಮೇಲೆ ಗಿಟಾರಿಗೆ ಬೆಂಕಿ ಇಟ್ಟವನೆಂದೇ ಜನ ಆತನನ್ನು ಹೆಚ್ಚಾಗಿ ನೆನೆಯುತ್ತಾರೆ. ಆತನ ಬಾಳಿನಲ್ಲಿ ನೆನೆಯಬೇಕಾದ ಸಂಗತಿಗಳ ಪೈಕಿ ಅದು ಕೊನೆಯದು.

ಹೆಂಡ್ರಿಕ್ಸ್ ಹುಟ್ಟಿದ್ದು 1942ರ ನವೆಂಬರ್ 27ರಂದು, ಸಿಯಾಟಲ್ ನಗರದಲ್ಲಿ. ತಾಯಿ ಲೂಸಿಲ್‌ಗೆ ಆಗ 17 ವರ್ಷ. ತಂದೆ ಆಲ್ ಸೈನ್ಯದಲ್ಲಿದ್ದ. ತಾಯಿ ಮಗುವಿಗೆ ಜಾನಿ ಅಲೆನ್ ಎಂದು ಹೆಸರಿಟ್ಟಿದ್ದಳು. ಯುದ್ಧ ಮುಗಿಸಿ ಮರಳಿದ ತಂದೆ 1946ರಲ್ಲಿ ಅದನ್ನು ಜೇಮ್ಸ್ ಮಾರ್ಷಲ್ ಎಂದು ಬದಲಿಸಿದ. ಮನೆಯಲ್ಲಿ ಬಡತನ, ಕುಡಿತ, ಜಗಳ. ಮಕ್ಕಳಲ್ಲಿ ಕೆಲವರು ಪರರ ಆಶ್ರಯಕ್ಕೆ ಹೋದರು. 1951ರಲ್ಲಿ ತಂದೆತಾಯಿಯರ ವಿಚ್ಛೇದನವಾಗಿ, ಜಿಮಿ ಮತ್ತು ತಮ್ಮ ಲಿಯಾನ್ ತಂದೆಯ ಬಳಿ ಉಳಿದರು.

ಆ ದಿನಗಳಲ್ಲಿ ಹುಡುಗ ಪೊರಕೆಯನ್ನೇ ಗಿಟಾರಿನಂತೆ ಹಿಡಿದು ಓಡಾಡುತ್ತಿದ್ದ. 1957ರಲ್ಲಿ ತಂದೆಯ ಜೊತೆ ಯಾರದೋ ಮನೆಯ ಕಸ ತೆಗೆಯಲು ಹೋದಾಗ ತಿಪ್ಪೆಗೆ ಎಸೆದಿದ್ದ ಉಕುಲೆಲೆ ಎಂಬ ಪುಟ್ಟ ವಾದ್ಯವೊಂದು ಸಿಕ್ಕಿತು. ಅದರಲ್ಲಿ ಉಳಿದಿದ್ದುದು ಒಂದೇ ತಂತಿ. ಏಕತಾರಿ ಹಿಡಿದು ಇರುಳೆಲ್ಲ ತತ್ವಪದ ಹಾಡುವವರನ್ನು ಕಂಡಿರುವ ಕೊಪ್ಪಳ, ಕುಷ್ಟಗಿ ಸೀಮೆಯ ಓದುಗರಿಗೆ, ಒಂದು ತಂತಿಯಿಂದ ಎಷ್ಟು ದೂರ ಹೋಗಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹುಡುಗ ಆ ಒಂದೇ ತಂತಿಯ ಮೇಲೆ, ಕಿವಿಯಲ್ಲಿ ಕೇಳಿದ ಹಾಡುಗಳನ್ನು ಹುಡುಕತೊಡಗಿದ.

ಮರುವರ್ಷ, 1958ರ ಫೆಬ್ರವರಿಯಲ್ಲಿ, ತಾಯಿ ತೀರಿಕೊಂಡಳು. ಮಕ್ಕಳನ್ನು ತಂದೆ ಅಂತ್ಯಕ್ರಿಯೆಗೆ ಕರೆದೊಯ್ಯಲಿಲ್ಲ. ಬದಲಿಗೆ ಕೈಗೆ ಮದ್ಯ ಕೊಟ್ಟು, ಗಂಡಸರು ದುಃಖವನ್ನು ಹೀಗೆ ನುಂಗಬೇಕೆಂದು ಕಲಿಸಿದನಂತೆ. ಹದಿನೈದರ ಹುಡುಗ ತಾಯಿಗಾಗಿ ಅತ್ತು ಹಗುರಾಗುವ ಅವಕಾಶವನ್ನೇ ಕಳೆದುಕೊಂಡ. ಅದೇ ವರ್ಷ ಐದು ಡಾಲರಿಗೆ ಮೊದಲ ಗಿಟಾರ್ ಕೈಸೇರಿತು. ಈ ಎರಡು ಘಟನೆಗಳನ್ನು ತಳಕುಹಾಕುವುದು ಜೀವನಚರಿತ್ರೆಕಾರರ ಚಟವೆಂದು ಬದಿಗಿರಿಸಬಹುದು. ಆದರೆ ತಾಯಿಯನ್ನು ಕನಸಿನಲ್ಲಿ ಕಂಡು ಆತ ಏಂಜೆಲ್ ಎಂಬ ಹಾಡು ಕಟ್ಟಿದ್ದು ನಿಜ. ಅದು ಹೊರಬರುವ ಹೊತ್ತಿಗೆ ಆತನೇ ಇರಲಿಲ್ಲ.

ಜಿಮಿ ಎಡಚ. ಎಡಗೈಯಲ್ಲಿ ನುಡಿಸುವುದು ತಂದೆಗೆ ಸರಿಬರುತ್ತಿರಲಿಲ್ಲವೆಂದು ತಮ್ಮ ಲಿಯಾನ್ ಮುಂದೆ ಹೇಳಿಕೊಂಡಿದ್ದಾನೆ. ಎಡಗೈಯಲ್ಲಿ ಬಳಪ ಹಿಡಿದು ಪೆಟ್ಟು ತಿಂದವರು ನಮ್ಮ ಶಾಲೆಗಳಲ್ಲೂ ಕಡಿಮೆಯಿಲ್ಲ. ಬಲಗೈಯವರಿಗಾಗಿ ಮಾಡಿದ ಗಿಟಾರನ್ನೇ ತಲೆಕೆಳಗಾಗಿ ತಿರುಗಿಸಿ, ತಂತಿಗಳನ್ನು ಅದಲುಬದಲು ಮಾಡಿಕೊಂಡು ಆತ ಕಡೆಯವರೆಗೂ ನುಡಿಸಿದ.

ಕದ್ದ ಕಾರಿನಲ್ಲಿ ಸಿಕ್ಕಿಬಿದ್ದ ಹುಡುಗನ ಮುಂದೆ ಸೆರೆಮನೆ ಮತ್ತು ಸೈನ್ಯ ಎಂಬ ಎರಡೇ ದಾರಿಗಳಿದ್ದವು. 1961ರ ಮೇ ತಿಂಗಳಲ್ಲಿ ಸೈನ್ಯ ಸೇರಿ, 101ನೇ ವಾಯುದಳದಲ್ಲಿ ಪ್ಯಾರಾಶೂಟ್ ಸೈನಿಕನಾದ. ವರ್ಷವೊಂದರಲ್ಲೇ ಬಿಡುಗಡೆಯೂ ಆಯಿತು. ಅಲ್ಲಿ ಗಳಿಸಿದ್ದು ಒಬ್ಬ ಗೆಳೆಯನನ್ನು: ಬೇಸ್ ಗಿಟಾರ್ ನುಡಿಸುತ್ತಿದ್ದ ಬಿಲ್ಲಿ ಕಾಕ್ಸ್. ಆತ ತೊರೆದು ಬಂದ ದಳ ಮುಂದೆ ವಿಯೆಟ್ನಾಂ ಯುದ್ಧಭೂಮಿಗೆ ಹೋಯಿತು. ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನಂತರದ ನಾಲ್ಕು ವರ್ಷ ಲಿಟ್ಲ್ ರಿಚರ್ಡ್, ಐಸ್ಲಿ ಸೋದರರು ಮೊದಲಾದವರ ಹಿಂದೆ ನಿಂತು ನುಡಿಸುವ ಕೂಲಿ. 1966ರಲ್ಲಿ ನ್ಯೂಯಾರ್ಕಿನ ಕೆಫೆಯೊಂದರಲ್ಲಿ ಕೇಳಿದ ಚಾಸ್ ಚಾಂಡ್ಲರ್ ಎಂಬ ಇಂಗ್ಲಿಷ್ ವಾದಕ ಆತನನ್ನು ಲಂಡನ್ನಿಗೆ ಕರೆದೊಯ್ದ. ನೋಯಲ್ ರೆಡ್ಡಿಂಗ್, ಮಿಚ್ ಮಿಚೆಲ್ ಜೊತೆಗೂಡಿದರು. ಕೆಲವೇ ತಿಂಗಳಲ್ಲಿ ಲಂಡನ್ನಿನ ಹೆಸರಾಂತ ಗಿಟಾರ್ ವಾದಕರೆಲ್ಲ ಬೆರಗಾಗಿ ಕುಳಿತರು.

ಬೆಂಕಿಯ ಪ್ರಸಂಗ ನಡೆದದ್ದು 1967ರ ಜೂನ್ 18ರ ರಾತ್ರಿ, ಕ್ಯಾಲಿಫೋರ್ನಿಯದ ಮಾಂಟೆರೆ ಉತ್ಸವದಲ್ಲಿ. ಅದೇ ದಿನ ಮಧ್ಯಾಹ್ನ ಅದೇ ವೇದಿಕೆಯಲ್ಲಿ ಪಂಡಿತ್ ರವಿಶಂಕರ್ ಗಂಟೆಗಟ್ಟಲೆ ಸಿತಾರ್ ನುಡಿಸಿದ್ದರು. ವಾದ್ಯವನ್ನು ಸುಟ್ಟದ್ದು ಅವರನ್ನು ತೀವ್ರವಾಗಿ ನೋಯಿಸಿತು. ಆಯುಧಪೂಜೆಯ ದಿನ ಹಾರ್ಮೋನಿಯಂ, ತಬಲಾಗಳಿಗೂ ಕುಂಕುಮವಿಟ್ಟು ಕೈಮುಗಿಯುವ ಸೀಮೆಯಲ್ಲಿ ಬೆಳೆದ ಈ ಲೇಖಕನ ಒಲವೂ ಅಂದಿನ ಮಟ್ಟಿಗೆ ರವಿಶಂಕರರ ಕಡೆಗೇ.

ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಲಿಟ್ಲ್ ವಿಂಗ್ ಎಂಬ ಹಾಡನ್ನು ಕೇಳಿದಾಗ ಇದೇ ಕೈ ಬೆಂಕಿ ಹಚ್ಚಿದ್ದೆಂದರೆ ನಂಬಿಕೆ ಬರುವುದಿಲ್ಲ. ಹಾಡಿನ ಉದ್ದ ಎರಡೂವರೆ ನಿಮಿಷಕ್ಕೂ ಕಡಿಮೆ. ಕೊನೆಯಲ್ಲಿ ಬರುವ ಸೋಲೊ ಇನ್ನೇನು ಅರಳಬೇಕು ಎನ್ನುವಷ್ಟರಲ್ಲಿ ಧ್ವನಿ ಕ್ಷೀಣಿಸಿ ಮರೆಯಾಗುತ್ತದೆ. ಆ ಅಪೂರ್ಣತೆಯೇ ಕೇಳುಗನನ್ನು ಮತ್ತೆ ಮತ್ತೆ ಕರೆಯುತ್ತದೆ.

ಈ ಪರಿಣಾಮದ ಹಿಂದಿನ ಉಪಾಯಗಳು ನಮಗೆ ಪೂರ್ತಿ ಹೊಸವಲ್ಲ. ಸಿತಾರಿನಲ್ಲಿ ತಂತಿಯನ್ನು ಮೆಟ್ಟಿಲಿನ ಮೇಲೆ ಅಡ್ಡಕ್ಕೆ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನು ಮೀಂಡ್ ಎನ್ನುತ್ತೇವೆ. ಗಿಟಾರಿನಲ್ಲೂ ತಂತಿಯನ್ನು ಹಾಗೆಯೇ ಬಾಗಿಸುತ್ತಾರೆ. ಮನುಷ್ಯನ ಕೊರಳು ಅಳುವಾಗ ಹೀಗೆಯೇ ಸ್ವರದಿಂದ ಸ್ವರಕ್ಕೆ ಜಾರುತ್ತದೆ. ಇನ್ನೊಂದು ಉಪಾಯ ಜಾತ್ರೆಗಳಲ್ಲಿ ಎಲ್ಲರೂ ಕೇಳಿರುವಂಥದು. ಮೈಕು ಧ್ವನಿವರ್ಧಕದ ಹತ್ತಿರ ಬಂದರೆ ಕಿವಿಗಡಚಿಕ್ಕುವ ಕೂಗು ಏಳುತ್ತದೆ, ಯಾರೋ ಓಡಿಹೋಗಿ ಮೈಕನ್ನು ದೂರ ಸರಿಸುತ್ತಾರೆ. ಎಲ್ಲರೂ ಓಡಿಸುವ ಆ ಕೂಗನ್ನು ಹೆಂಡ್ರಿಕ್ಸ್ ಪಳಗಿಸಿದ. ಧ್ವನಿವರ್ಧಕಕ್ಕೆ ಎದುರಾಗಿ ನಿಂತು, ಅದರ ಸದ್ದಿನಿಂದಲೇ ತಂತಿ ಮತ್ತೆ ಕಂಪಿಸುವಂತೆ ಮಾಡಿ, ಮೀಟಿದ ಸ್ವರ ಆರದಂತೆ ಬೇಕಾದಷ್ಟು ಹೊತ್ತು ಹಿಡಿದು ನಿಲ್ಲಿಸುತ್ತಿದ್ದ.

1969ರ ಆಗಸ್ಟಿನ ವುಡ್‌ಸ್ಟಾಕ್ ಉತ್ಸವಕ್ಕೆ ಸುಮಾರು ನಾಲ್ಕು ಲಕ್ಷ ಜನ ಸೇರಿದ್ದರು. ಭಾನುವಾರ ರಾತ್ರಿ ನಡೆಯಬೇಕಿದ್ದ ಹೆಂಡ್ರಿಕ್ಸ್ ಕಾರ್ಯಕ್ರಮ ಸೋಮವಾರ ಬೆಳಗಿನವರೆಗೆ ಮುಂದೆ ಹೋಯಿತು. ಹೆಚ್ಚಿನವರು ಊರ ದಾರಿ ಹಿಡಿದಿದ್ದರು. ಕೆಸರು, ಕಸದ ನಡುವೆ ಉಳಿದವರು ಕೆಲವು ಹತ್ತು ಸಾವಿರ ಮಂದಿ. ಅವರ ಮುಂದೆ ಆತ ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸಿದ, ಮಾತಿಲ್ಲದೆ, ಗಿಟಾರೊಂದರಲ್ಲೇ. ಗೀತೆಯಲ್ಲಿ ಯುದ್ಧದ ಬೆಂಕಿಯ ಪ್ರಸ್ತಾಪ ಬರುವ ಕಡೆ ತಂತಿಗಳು ಬಾಂಬುಗಳಂತೆ ಕಿರುಚುತ್ತ ಕೆಳಗಿಳಿದವು. ನಡುವೆ, ಸೈನಿಕನ ಶವಸಂಸ್ಕಾರದಲ್ಲಿ ಊದುವ ಕಹಳೆಯ ಧಾಟಿ ಸುಳಿದು ಹೋಯಿತು. ಸೈನ್ಯದಲ್ಲಿದ್ದವನಿಗೆ ಆ ಧಾಟಿಯ ಅರ್ಥ ತಿಳಿಯದ್ದೇನಲ್ಲ. ಇದು ದೇಶದ ಅವಮಾನವೆಂದು ಕೆಲವರು ಸಿಟ್ಟಾದರು. ತನಗೆ ಅದು ಸುಂದರವಾಗಿಯೇ ಕೇಳಿಸಿತೆಂಬುದಷ್ಟೇ ಆತನ ಸಮಜಾಯಿಷಿ. ನಾಲ್ಕು ನಿಮಿಷಕ್ಕೂ ಕಡಿಮೆ ಅವಧಿಯ ಆ ನುಡಿಸಾಣಿಕೆಯಲ್ಲಿ ತನ್ನ ದೇಶದ ಮೇಲಿನ ಪ್ರೀತಿ ಮತ್ತು ಅದರ ಕೃತ್ಯದ ಮೇಲಿನ ಸಂಕಟ ಎರಡೂ ಒಂದೇ ಧಾಟಿಯಲ್ಲಿ ನಿಂತಿವೆ. ಅವನ್ನು ಬೇರ್ಪಡಿಸಿ ಕೇಳುವುದು ಸಾಧ್ಯವಿಲ್ಲ.

ಆದರೂ ಒಂದನ್ನೇ ಕೇಳಬೇಕೆನ್ನುವವರಿಗೆ ಈ ಲೇಖಕ ಹೇಳುವುದು ಮಷೀನ್ ಗನ್. 1970ರ ಜನವರಿ 1ರಂದು ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ರಂಗಮಂದಿರದಲ್ಲಿ ನುಡಿಸಿದ್ದು. ಅವಧಿ ಸುಮಾರು 12 ನಿಮಿಷ. ಜೊತೆಗಿದ್ದವರು ಸೈನ್ಯದ ಗೆಳೆಯ ಬಿಲ್ಲಿ ಕಾಕ್ಸ್ ಹಾಗೂ ಡ್ರಮ್ಸ್‌ನಲ್ಲಿ ಬಡ್ಡಿ ಮೈಲ್ಸ್. ಡ್ರಮ್ಮು ಗುಂಡಿನ ಸುರಿಮಳೆಯಂತೆ ಸಿಡಿಯುತ್ತದೆ. ಅದರ ಮೇಲೆ ಗಿಟಾರ್ ಒಂದೇ ಸ್ವರವನ್ನು ಎತ್ತಿ, ಬಿಡದೆ, ನಡುಗಿಸುತ್ತ ಹಿಡಿಯುತ್ತದೆ. ಹೆಣದ ಮುಂದೆ ಕುಳಿತ ಹೆಂಗಸೊಬ್ಬಳು ಉಸಿರು ಕಟ್ಟಿ ಎಳೆಯುವ ಮೊದಲ ರಾಗದ ನೆನಪಾಗುತ್ತದೆ. ಆ ಹಾಡನ್ನು ಆತ ಅರ್ಪಿಸಿದ್ದು ವಿಯೆಟ್ನಾಂನಲ್ಲಿದ್ದ ಸೈನಿಕರಿಗೆ ಮಾತ್ರವಲ್ಲ, ಅಮೆರಿಕದ ನಗರಗಳ ಬೀದಿಗಳಲ್ಲಿ ಹೋರಾಡುತ್ತಿದ್ದವರಿಗೂ.

ಮುಂದೆ ಪ್ರೋಗ್ರೆಸಿವ್ ರಾಕ್ ಎಂದು ಹೆಸರಾದ ಪಂಥದಲ್ಲಿ ಸೋಲೊಗಳು ಇನ್ನಷ್ಟು ದೀರ್ಘವಾದವು. ಆ ಪಂಥದ ಪಿಂಕ್ ಫ್ಲಾಯ್ಡ್ ತಂಡ 1967ರಲ್ಲೇ ಹೆಂಡ್ರಿಕ್ಸ್ ಜೊತೆ ಇಂಗ್ಲೆಂಡ್ ಸುತ್ತಿತ್ತು. ನಂತರ ಆ ತಂಡ ಸೇರಿದ ಡೇವಿಡ್ ಗಿಲ್ಮೋರ್ 1970ರ ಆಗಸ್ಟಿನ ಐಲ್ ಆಫ್ ವೈಟ್ ಉತ್ಸವದಲ್ಲಿ ಹೆಂಡ್ರಿಕ್ಸ್‌ನ ಧ್ವನಿ ನಿರ್ವಹಣೆಗೆ ನೆರವಾದ. ಇದೇ ಗಿಲ್ಮೋರ್ 1979ರಲ್ಲಿ ಕಂಫರ್ಟಬ್ಲಿ ನಂಬ್ ಹಾಡಿಗೆ ನುಡಿಸಿದ ಸೋಲೊ ಇಂದಿಗೂ ಕಣ್ಣು ತೇವವಾಗಿಸುತ್ತದೆ.

ಐಲ್ ಆಫ್ ವೈಟ್ ಆದ ಮೂರೇ ವಾರಕ್ಕೆ, 1970ರ ಸೆಪ್ಟೆಂಬರ್ 18ರಂದು, ಲಂಡನ್ನಿನಲ್ಲಿ ನಿದ್ರೆಮಾತ್ರೆಗಳ ಅಮಲಿನಲ್ಲಿ ವಾಂತಿಯಾಗಿ ಉಸಿರುಕಟ್ಟಿ ಹೆಂಡ್ರಿಕ್ಸ್ ತೀರಿಕೊಂಡ. ವಯಸ್ಸು 27. ತನಿಖೆ ಖಚಿತ ತೀರ್ಮಾನಕ್ಕೆ ಬರದೆ ಮುಗಿಯಿತು. ಆತನೇ ಕಟ್ಟಿಸಿದ್ದ ನ್ಯೂಯಾರ್ಕಿನ ಧ್ವನಿಮುದ್ರಣಾಲಯ ಆರಂಭವಾಗಿ ತಿಂಗಳೂ ತುಂಬಿರಲಿಲ್ಲ. ಹಾಡುಗಳ ಹಕ್ಕು ಪರರ ಕೈಯಲ್ಲಿತ್ತು. ತಂದೆ ಆಲ್ ನ್ಯಾಯಾಲಯದ ಮೆಟ್ಟಿಲೇರಿ 1995ರಲ್ಲಿ ಅವನ್ನು ಮರಳಿ ಪಡೆದ.

ಅಕ್ಟೋಬರ್ 1ರಂದು ಸಿಯಾಟಲ್ ಪಕ್ಕದ ರೆಂಟನ್ ಊರಿನ ಗ್ರೀನ್‌ವುಡ್ ಸ್ಮಶಾನದಲ್ಲಿ ಆತನನ್ನು ಮಣ್ಣು ಮಾಡಿದರು. ಅಲ್ಲಿ ಈಗ ಕಲ್ಲಿನ ಗುಮ್ಮಟದ ದೊಡ್ಡ ಸ್ಮಾರಕವಿದ್ದು, ದೇಶದೇಶಗಳಿಂದ ಜನ ಬರುತ್ತಾರೆ. ಹನ್ನೆರಡು ವರ್ಷ ಮೊದಲು, ಮಗನಿಗೆ ನೋಡಲು ಬಿಡದೆ ತಾಯಿ ಲೂಸಿಲ್‌ಳನ್ನು ಹೂತದ್ದೂ ಅದೇ ಸ್ಮಶಾನದ ಇನ್ನೊಂದು ಮೂಲೆಯಲ್ಲಿ.