ಗೆಳೆಯರ ಗೆಲುವಿನಲ್ಲಿ ವರಕವಿ ಬೇಂದ್ರೆ

‘ಅಂಬಿಕಾತನಯದತ್ತ’ ಕಾವ್ಯನಾಮದ ವರಕವಿ ದ.ರಾ. ಬೇಂದ್ರೆಯವರು ಜನಿಸಿದ್ದು 1896ರ ಜನವರಿ 31ರಂದು, ಧಾರವಾಡದಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪದವಿ ಪಡೆದು ಊರಿಗೆ ಮರಳಿದ ಅವರು ಶಿಕ್ಷಕ ವೃತ್ತಿ ಹಿಡಿದರು.

1922ರಲ್ಲಿ ಅವರ ಮೊದಲ ಕೃತಿ ‘ಕೃಷ್ಣಾಕುಮಾರಿ’ ಪ್ರಕಟವಾಯಿತು. ‘ಗೆಳೆಯರ ಗುಂಪು’ ರೂಪುಗೊಂಡದ್ದೂ ಅದೇ ವರ್ಷ. ಶಂ.ಬಾ. ಜೋಶಿ, ಆನಂದಕಂದ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ ಮೊದಲಾದವರು ಈ ಬಳಗದಲ್ಲಿ ಬೆಳೆದರು. ‘ಸ್ವಧರ್ಮ’, ‘ಜಯ ಕರ್ನಾಟಕ’ ಪತ್ರಿಕೆಗಳು ಇವರ ಬರಹಗಳಿಗೆ ವೇದಿಕೆಯಾದವು. ಒಬ್ಬರ ಕವಿತೆ ಅಚ್ಚಾದರೆ ಅದು ಇಡೀ ಬಳಗದ ಹಬ್ಬವಾಗಿತ್ತು.

1932ರಲ್ಲಿ ‘ಗರಿ’ ಕವನ ಸಂಕಲನ ಹೊರಬಂದಿತು. ಆದರೆ ಆ ಸಂಭ್ರಮದ ಬೆನ್ನಿಗೇ ಸಂಕಟವೂ ಬಂದಿತು. ಸಂಕಲನದ ‘ನರಬಲಿ’ ಕವಿತೆಯಲ್ಲಿ ಬ್ರಿಟಿಷ್ ಸರ್ಕಾರ ರಾಜದ್ರೋಹವನ್ನು ಕಂಡಿತು. ಕವಿ ಹಿಂಡಲಗಾ ಜೈಲು ಸೇರಿದರು. ಬಳಿಕ ಧಾರವಾಡದ ಸಮೀಪದ ಮುಗದ ಗ್ರಾಮದಲ್ಲಿ ನಿರ್ಬಂಧದಲ್ಲಿದ್ದರು. ನೌಕರಿ ಕೈತಪ್ಪಿ ಸಂಸಾರ ಬಡತನಕ್ಕೆ ಸಿಲುಕಿತು. ಕಾವ್ಯ ಮಾತ್ರ ನಿಲ್ಲಲಿಲ್ಲ.

1943ರಲ್ಲಿ ಶಿವಮೊಗ್ಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಒಲಿಯಿತು. ಮುಂದೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗಳು ಬಳಗಕ್ಕೆ ಸಾಲುಸಾಲಾಗಿ ಬಂದವು: 1956ರಲ್ಲಿ ಮುಗಳಿ, 1958ರಲ್ಲಿ ಬೇಂದ್ರೆ, 1960ರಲ್ಲಿ ಗೋಕಾಕ, 1970ರಲ್ಲಿ ಶಂ.ಬಾ. ಜೋಶಿ. ‘ನಾಕು ತಂತಿ’ ಬೇಂದ್ರೆಯವರಿಗೆ 1973ರ ಜ್ಞಾನಪೀಠವನ್ನು ತಂದಿತು. 1990ರ ಜ್ಞಾನಪೀಠ ಗೋಕಾಕರದಾಯಿತು. ಆ ಗೆಲುವನ್ನು ಕಾಣಲು ಬೇಂದ್ರೆ ಇರಲಿಲ್ಲ. 1981ರ ಅಕ್ಟೋಬರ್ 26ರಂದು ಅವರು ಮುಂಬಯಿಯಲ್ಲಿ ನಿಧನರಾಗಿದ್ದರು.

ಜೊತೆಗಾರರ ಏಳಿಗೆಯನ್ನು ತನ್ನದೆಂದೇ ಭಾವಿಸುವ ಕವಿಬಳಗವೊಂದು ಇಡೀ ನಾಡಿನ ಸಾಹಿತ್ಯವನ್ನೇ ಎತ್ತರಿಸಬಲ್ಲದು ಎಂಬುದಕ್ಕೆ ಧಾರವಾಡದ ಈ ಗೆಳೆತನವೇ ಸಾಕ್ಷಿ.