ಹನ್ನೆರಡು ತಿಂಗಳ ತೋಟಗಾರ

ಮನೆ ಕಟ್ಟಿಸಿದ ವರ್ಷ, ಅಂಗಳದಲ್ಲಿ ಯಾವ ಗಿಡ ನೆಡಬೇಕೆಂಬ ಪ್ರಶ್ನೆ ಬಂದಾಗ ನಾನು ಹೆಚ್ಚು ಯೋಚಿಸಲಿಲ್ಲ. ಲಾಲ್‌ಬಾಗಿನಲ್ಲಿ ಮೇ ತಿಂಗಳ ಬಿಸಿಲಿಗೆ ಕೆಂಡದಂತೆ ಹೊಳೆಯುವ ಗುಲ್‌ಮೊಹರನ್ನು ಕಂಡು ಮರುಳಾಗಿದ್ದವನು ನಾನು. ಅದರ ಸಸಿಯೊಂದನ್ನು ತಂದು ಕಾಂಪೌಂಡಿನ ಗೋಡೆಗೆ ಮೂರಡಿ ದೂರದಲ್ಲಿ ನೆಟ್ಟೆ. ಅಂಗಳದ ಅಗಲ ಹದಿನೈದು ಅಡಿ. ಆ ಮರ ಬೆಳೆದರೆ ಅದರ ಎರಡರಷ್ಟು ಅಗಲಕ್ಕೆ ಕೊಡೆ ಬಿಚ್ಚುತ್ತದೆಂದಾಗಲಿ, ಅದರ ಬೇರು ಮೇಲುಮಣ್ಣಿನಲ್ಲೇ ದೂರ ಹರಿದು ಗೋಡೆಯನ್ನು ಎತ್ತಿಹಾಕಬಲ್ಲದೆಂದಾಗಲಿ ನನಗೆ ತಿಳಿದಿರಲಿಲ್ಲ. ಹನ್ನೊಂದನೆಯ ವರ್ಷ ಗೋಡೆ ಬಿರಿಯಿತು. ಮುಂಗಾರಿನ ಮೊದಲ ಗಾಳಿಗೆ ಕೊಂಬೆಯೊಂದು ಮುರಿದು ನೆರೆಯವರ ಹೆಂಚಿನ ಮೇಲೆ ಬಿತ್ತು. ಹೂವು ಇನ್ನೂ ಉದುರಿ ಮುಗಿಯದ ಮರವನ್ನು ಕಡಿಸಬೇಕಾಯಿತು. ಆ ಮಧ್ಯಾಹ್ನ ನನ್ನ ಹೆಂಡತಿ ಊಟಕ್ಕೆ ಏಳಲಿಲ್ಲ. ಮರದ ತಪ್ಪು ಏನೂ ಇರಲಿಲ್ಲ, ಆರಿಸಿದವನು ನಾನು.

ಲಾಲ್‌ಬಾಗಿನ ಮರಗಳನ್ನು ಆರಿಸಿದವರು ಯಾರು, ಯಾವ ಲೆಕ್ಕದಿಂದ ಆರಿಸಿದರು ಎಂಬ ಕುತೂಹಲ ನನ್ನಲ್ಲಿ ಹುಟ್ಟಿದ್ದು ಆ ಬಳಿಕ. ಆ ದಾರಿಯಲ್ಲಿ ನನಗೆ ಸಿಕ್ಕಿದವರು ಗುಸ್ತಾವ್ ಹರ್ಮನ್ ಕ್ರುಂಬಿಗಲ್.

ಜರ್ಮನಿಯ ಡ್ರೆಸ್ಡೆನ್ ನಗರದ ಹತ್ತಿರ ಲೋಮೆನ್ ಎಂಬ ಊರು. ಕ್ರುಂಬಿಗಲ್ ಅವರು ಅಲ್ಲಿ 1865ರಲ್ಲಿ ಹುಟ್ಟಿದರು. ಪಿಲ್ನಿಟ್ಸಿನಲ್ಲಿ ತೋಟಗಾರಿಕೆಯನ್ನು ಕಲಿತರು. 1888ರಲ್ಲಿ ಇಂಗ್ಲೆಂಡಿಗೆ ಬಂದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂಪಾತಿಗಳ ಕೆಲಸ ಮಾಡಿ, ಅನಂತರ ಪ್ರಸಿದ್ಧವಾದ ಕ್ಯೂ ಉದ್ಯಾನವನ್ನು ಸೇರಿದರು. ಆ ಕಾಲದ ಇಂಗ್ಲಿಷ್ ಹೂಪಾತಿಯೆಂದರೆ ಒಂದು ಋತುವಿನ ವೈಭವ. ಗಾಜಿನ ಮನೆಯಲ್ಲಿ ಬೆಳೆಸಿದ ಗಿಡಗಳನ್ನು ತಂದು ನೆಡುವುದು. ಹೂವು ಮುಗಿದೊಡನೆ ಕಿತ್ತು, ಮುಂದಿನ ಋತುವಿಗೆ ಬೇರೆಯವನ್ನು ಇಡುವುದು. ಯಾವ ಹೂವು ಯಾವ ವಾರದಲ್ಲಿ ಅರಳುತ್ತದೆಂಬ ಪಂಚಾಂಗವಿಲ್ಲದೆ ಆ ಕೆಲಸ ನಡೆಯದು. ಮುಂದೆ ಬೆಂಗಳೂರಿನಲ್ಲಿ ಫಲ ಕೊಟ್ಟ ಬುದ್ಧಿಯ ಬೀಜ ಅಲ್ಲಿಯೇ ಬಿದ್ದಿರಬೇಕೆಂದು ನನ್ನ ಊಹೆ.

1893ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಕೆಲಸಕ್ಕೆ ಬಂದಾಗ ಅವರಿಗೆ ಇಪ್ಪತ್ತೇಳು ವರ್ಷ. ಹದಿನೈದು ವರ್ಷಗಳ ಬಳಿಕ, 1908ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ಲಾಲ್‌ಬಾಗಿನ ಅಧಿಕಾರ ವಹಿಸಿಕೊಂಡರು. ಅಲ್ಲಿ ಅವರಿಗೆ ಬರಿಯ ಬಯಲೇನೂ ಸಿಗಲಿಲ್ಲ. ಅವರಿಗಿಂತ ಹಿಂದೆ ಜಾನ್ ಕ್ಯಾಮರನ್ ಅವರು ಮೂವತ್ತಕ್ಕೂ ಹೆಚ್ಚು ವರ್ಷ ದುಡಿದಿದ್ದರು. ಗಾಜಿನ ಮನೆಗೆ ಅಸ್ತಿಭಾರ ಬಿದ್ದದ್ದು ಅವರ ಕಾಲದಲ್ಲಿ, 1889ರಲ್ಲಿ. ಊರಿನ ಹೂಮರಗಳ ಕೀರ್ತಿಯನ್ನೆಲ್ಲ ಒಬ್ಬರ ಹೆಸರಿಗೇ ಬರೆಯುವ ಅಭ್ಯಾಸ ನಮ್ಮಲ್ಲಿದೆ. ಅದು ಕ್ಯಾಮರನ್ನರಿಗೆ ನ್ಯಾಯವಲ್ಲ.

ಆದರೆ ಕ್ರುಂಬಿಗಲ್ ಅವರದೇ ಎನ್ನಬಹುದಾದ ಒಂದು ಯೋಚನೆ ಇದೆ. ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿಯ ಮರ ಅರಳಬೇಕು. ವರ್ಷದ ಯಾವ ತಿಂಗಳಲ್ಲಿಯೂ ಊರು ಬರಿದಾಗಬಾರದು. ನೆಡುವಾಗ ಹೂವಿನ ಚೆಲುವಿನ ಜೊತೆಗೆ ಅದು ಅರಳುವ ಕಾಲವನ್ನೂ ನೋಡಿ ಆರಿಸುವುದೆಂದರೆ ಇದೇ. ಬೆಂಗಳೂರಿನ ನೆಲ ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದ್ದು. ಬಿಸಿಲು ಹಿತ, ಚಳಿ ಮಿತ. ಆದ್ದರಿಂದ ದಕ್ಷಿಣ ಅಮೆರಿಕದ ಜಕರಂಡ, ಟಬೆಬುಯಾ, ಮಡಗಾಸ್ಕರಿನ ಗುಲ್‌ಮೊಹರ್ ಇವೆಲ್ಲ ನಮ್ಮ ಹೊಂಗೆ, ಕಕ್ಕೆ, ಹೊಳೆದಾಸವಾಳಗಳ ನೆರೆಯಲ್ಲಿ ತವರಿನಲ್ಲಿದ್ದಂತೆ ಬಾಳಿದವು. ಇಂದಿಗೂ ಉಳಿದ ಬೀದಿಗಳಲ್ಲಿ ಆ ಸಾಲು ಕಾಣುತ್ತದೆ. ಮಳೆಗಾಲ ಹಿಂದೆಗೆಯುವಾಗ ಆಕಾಶಮಲ್ಲಿಗೆ. ಚಳಿಗೆ ನಸುಗೆಂಪಿನ ಟಬೆಬುಯಾ. ಶಿವರಾತ್ರಿಯ ಸುಮಾರಿಗೆ ಅದರ ಹಳದಿಯ ತಂಗಿ. ಆಮೇಲೆ ಜಕರಂಡದ ನೇರಳೆ. ಯುಗಾದಿ ಕಳೆದರೆ ಕಕ್ಕೆ, ಗುಲ್‌ಮೊಹರ್. ಇವುಗಳಲ್ಲಿ ಹಲವು ಬೇಸಗೆಯ ಮುನ್ನ ಎಲೆ ಉದುರಿಸಿ ಬೋಳು ಕೊಂಬೆಯಲ್ಲಿ ಹೂ ಬಿಡುತ್ತವೆ. ಎಲೆಯ ಮರೆಯಿಲ್ಲದ್ದರಿಂದ ಹೂವು ಅರ್ಧ ಮೈಲಿಯ ದೂರಕ್ಕೂ ಕಾಣುತ್ತದೆ.

ಇದರಲ್ಲಿ ನನ್ನನ್ನು ತಡೆದು ನಿಲ್ಲಿಸುವ ಸಂಗತಿ ಬೇರೊಂದಿದೆ. ಇಂಥ ಸಾಲನ್ನು ನೆಟ್ಟವನು ಅದನ್ನು ಪೂರ್ಣ ವೈಭವದಲ್ಲಿ ಕಾಣಲು ಇಪ್ಪತ್ತು ಮೂವತ್ತು ವರ್ಷ ಕಾಯಬೇಕು. 1932ರಲ್ಲಿ ನಿವೃತ್ತರಾದಾಗ ಅವರಿಗೆ ಅರವತ್ತಾರು. ತಾಯ್ನಾಡಿಗೆ ಮರಳದೆ ಬೆಂಗಳೂರಿನಲ್ಲೇ ಉಳಿದರು. ಎರಡನೆಯ ಮಹಾಯುದ್ಧ ಬಂತು. ಜರ್ಮನ್ ಹುಟ್ಟಿನವರೆಂಬ ಒಂದೇ ಕಾರಣಕ್ಕೆ ಸರ್ಕಾರ ಅವರನ್ನು ಶತ್ರುದೇಶದವರೆಂದು ಎಣಿಸಿ ಶಿಬಿರದಲ್ಲಿಟ್ಟಿತು. ಅವರು ಬೆಳೆಸಿದ ಮರಗಳು ಎಂದಿನಂತೆ ಬೀದಿಯಲ್ಲಿ ಹೂ ಸುರಿಸುತ್ತಿದ್ದವು. ಬಿಡುಗಡೆಯಾದ ಮೇಲೂ ಅವರು ಈ ಊರನ್ನು ಬಿಡಲಿಲ್ಲ. 1956ರಲ್ಲಿ, ತೊಂಬತ್ತು ತುಂಬಿದ ಮೇಲೆ, ಇಲ್ಲಿಯೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ.

ಮನೆಯ ಅಂಗಳಕ್ಕೂ ಆ ದೊಡ್ಡ ಪಂಚಾಂಗಕ್ಕೂ ಎಲ್ಲಿಯ ಸಂಬಂಧವೆಂದು ಓದುಗರು ಕೇಳಬಹುದು. ನಾನೂ ಕೇಳಿಕೊಂಡೆ. ರಾಜಬೀದಿಯ ಮರವನ್ನು ಅಂಗಳಕ್ಕೆ ತಂದದ್ದು ನನ್ನ ಅವಿವೇಕ. ತರಬೇಕಾಗಿದ್ದುದು ಅದರ ಲೆಕ್ಕವನ್ನು. ಹಾಗೆಂದು ಒಂದು ಹಳೆಯ ನೋಟ್ ಪುಸ್ತಕದಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಗೆರೆ ಎಳೆದು ಕುಳಿತೆ.

ಗುಲ್‌ಮೊಹರ್ ಇದ್ದೆಡೆ, ಗೋಡೆಯಿಂದ ಎಂಟಡಿ ಈಚೆಗೆ, ಪಾರಿಜಾತ ಬಂತು. ಅದು ಸಣ್ಣ ಮರ. ಸವರಿದರೆ ಹೇಳಿದ ಮಾತು ಕೇಳುತ್ತದೆ. ಶ್ರಾವಣದಿಂದ ಕಾರ್ತಿಕದವರೆಗೆ ನಸುಕಿನಲ್ಲಿ ನೆಲವನ್ನು ಬೆಳ್ಳಗಾಗಿಸುತ್ತದೆ. ಮನೆಯ ನೆರಳು ಬೀಳುವ ಕಡೆ ಮೊದಲು ಗುಲಾಬಿ ಇಟ್ಟು ಎರಡು ಸಲ ಸೋತೆ. ಅಲ್ಲಿಗೆ ನಂದಿಬಟ್ಟಲು ಒಪ್ಪಿತು. ದುಂಡುಮಲ್ಲಿಗೆಯನ್ನು ನವೆಂಬರಿನ ಕೊನೆಯಲ್ಲಿ ಕಟುಕನಂತೆ ಕತ್ತರಿಸಿ, ಕೆಲವು ದಿನ ನೀರು ಕಡಮೆ ಮಾಡಿ, ಆಮೇಲೆ ಗೊಬ್ಬರ ಕೊಟ್ಟರೆ ಬೇಸಗೆಯುದ್ದಕ್ಕೂ ಮೊಗ್ಗು. ಮೊದಲ ವರ್ಷ ಕತ್ತರಿ ಹಿಡಿದಾಗ ಮನೆಯವರೆಲ್ಲ ನನ್ನನ್ನು ಬೈದರು. ಸೇವಂತಿಗೆ ಮಾತ್ರ ಎರಡು ವರ್ಷ ಕಾಡಿತು. ಎಲೆ ಹುಲುಸಾಗಿ ಬೆಳೆಯಿತು, ಮೊಗ್ಗಿಲ್ಲ. ಕಾರಣ ಮಣ್ಣಲ್ಲ, ಬೀದಿಯ ದೀಪ. ರಾತ್ರಿ ದೀರ್ಘವಾದಾಗಲೇ ಅದಕ್ಕೆ ಹೂವಿನ ಹೊತ್ತು ತಿಳಿಯುವುದು. ದೀಪದ ಬೆಳಕು ಬೀಳುತ್ತಿದ್ದರೆ ಇರುಳು ಬಂತೆಂದೇ ಅದು ನಂಬುವುದಿಲ್ಲ. ಕುಂಡಗಳನ್ನು ಹಿತ್ತಲಿಗೆ ಸಾಗಿಸಿದೆ. ಆ ವರ್ಷ ದೀಪಾವಳಿಗೆ ಮನೆಯದೇ ಹೂವು. ದಾಸವಾಳಕ್ಕೆ ಯಾವ ಗೆರೆಯೂ ಬೇಡ. ಹೊಸ ಚಿಗುರು ಬಂದಾಗಲೆಲ್ಲ ಅದು ಅರಳುತ್ತದೆ.

ಫೆಬ್ರವರಿಯ ಗೆರೆಯೊಂದು ಇನ್ನೂ ಖಾಲಿ ಇದೆ. ಪಾರಿಜಾತ ಮುಗಿದಿರುತ್ತದೆ, ಮಲ್ಲಿಗೆ ಇನ್ನೂ ಹಿಡಿದಿರುವುದಿಲ್ಲ. ಒಣ ಹವೆಯಲ್ಲೇ ಹೆಚ್ಚು ಹೂ ಬಿಡುವ ಕಾಗದದ ಹೂವಿನ ಬಳ್ಳಿಯನ್ನು ಗೇಟಿನ ಮೇಲೆ ಹಬ್ಬಿಸೋಣವೆಂದರೆ, ಮುಳ್ಳು ಮಕ್ಕಳಿಗೆ ತಾಕೀತು ಎಂದು ಹೆಂಡತಿ ಒಪ್ಪುತ್ತಿಲ್ಲ. ಗುಲ್‌ಮೊಹರಿನ ವಿಷಯದಲ್ಲಿ ನಾನು ಅವಳನ್ನು ಕೇಳಿರಲಿಲ್ಲ. ಆದ್ದರಿಂದ ಗಿಡವನ್ನು ಕುಂಡದಲ್ಲಿಟ್ಟು ಮಾಳಿಗೆಯ ಮೂಲೆಯಲ್ಲಿ ಇರಿಸಿದ್ದೇನೆ, ಮಾತುಕತೆ ನಡೆಯುತ್ತಿದೆ.