ಅಂಚೆಚೀಟಿ ಪ್ರಿಯ ಅಧ್ಯಕ್ಷ ರೂಸ್‌ವೆಲ್ಟ್

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಹೆಸರನ್ನು ಎರಡನೇ ಮಹಾಯುದ್ಧದ ಪಾಠದಲ್ಲಿ ಎಲ್ಲರೂ ಓದಿದ್ದೇವೆ. ಆದರೆ ಅವರು ಜೀವನಪೂರ್ತಿ ಅಂಚೆಚೀಟಿ ಸಂಗ್ರಹಿಸಿದವರು ಎಂಬುದು ಹಲವರಿಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಇಂಥ ಹವ್ಯಾಸಕ್ಕೆ ‘ಶೌಕ್’ ಎನ್ನುತ್ತೇವೆ.

ರೂಸ್‌ವೆಲ್ಟ್ ಹುಟ್ಟಿದ್ದು 1882ರ ಜನವರಿ 30ರಂದು, ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ. ಅಂಚೆಚೀಟಿಯ ಆಸಕ್ತಿ ಬಂದದ್ದು ತಾಯಿ ಸಾರಾ ಅವರಿಂದ. 1921ರಲ್ಲಿ, 39ನೇ ವಯಸ್ಸಿನಲ್ಲಿ, ಪೋಲಿಯೊ ತಗಲಿ ಕಾಲುಗಳ ಶಕ್ತಿ ಹೋಯಿತು. ಹಾಸಿಗೆ ಹಿಡಿದ ದಿನಗಳಲ್ಲಿ ಆಲ್ಬಮ್‌ಗಳೇ ಅವರಿಗೆ ಸಂಗಾತಿಯಾದವು. 1933ರಲ್ಲಿ ಅಧ್ಯಕ್ಷರಾದ ಮೇಲೂ ಆಲ್ಬಮ್ ಬಿಡಲಿಲ್ಲ. ಹೊಸ ಅಂಚೆಚೀಟಿಗಳ ವಿನ್ಯಾಸವನ್ನು ತಾವೇ ನೋಡಿ ಒಪ್ಪುತ್ತಿದ್ದರು.

1934ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಹತ್ತು ಅಂಚೆಚೀಟಿಗಳು ಹೊರಬಂದವು. 1 ಸೆಂಟ್‌ನದರಲ್ಲಿ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆ, 2 ಸೆಂಟ್‌ನದರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆ, 5 ಸೆಂಟ್‌ನದರಲ್ಲಿ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆ. ಸಾಮಾನ್ಯ ಪತ್ರಕ್ಕೆ ಆಗ 3 ಸೆಂಟ್ ಬೇಕಿತ್ತು; ಆ ಚೀಟಿಯಲ್ಲಿ ಹಿಮ ಹೊದ್ದ ರೈನಿಯರ್ ಪರ್ವತವಿತ್ತು. ಹತ್ತೂ ಸೇರಿ ಬೆಲೆ 55 ಸೆಂಟ್ ಮಾತ್ರ. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಪ್ರವಾಸಕ್ಕೆ ಹಣವಿಲ್ಲದವರ ಮನೆಗೂ ಬೆಟ್ಟ, ಕಣಿವೆಗಳ ಚಿತ್ರ ತಲುಪಿತು.

ಇದೇ ಚೀಟಿಗಳಿಂದ ಒಂದು ವಿವಾದವೂ ಎದ್ದಿತು. ಅಂಚೆ ಇಲಾಖೆಯ ಮುಖ್ಯಸ್ಥ ಜೇಮ್ಸ್ ಫಾರ್ಲಿ, ಅಂಚಿಗೆ ತೂತು ಹಾಕದ, ಗೋಂದು ಹಚ್ಚದ ಹಾಳೆಗಳನ್ನು ಹಣ ಕೊಟ್ಟು ಕೊಂಡು ಅಧ್ಯಕ್ಷರಿಗೂ ಕೆಲವು ಆಪ್ತರಿಗೂ ಉಡುಗೊರೆ ಕೊಟ್ಟರು. ಅಂಥ ಹಾಳೆ ಬೇರೆ ಯಾರಿಗೂ ಸಿಗುತ್ತಿರಲಿಲ್ಲ. ಪೂರೈಕೆ ಕಡಿಮೆಯಿದ್ದು ಬೇಡಿಕೆ ಹೆಚ್ಚಿದ್ದರೆ ಬೆಲೆ ಏರುತ್ತದೆ ಎಂಬುದು ವಾಣಿಜ್ಯ ವಿಭಾಗದ ನಮಗೆಲ್ಲ ಗೊತ್ತು. ಕೆಲವೇ ಸೆಂಟ್‌ಗಳ ಚೀಟಿ ದೊಡ್ಡವರ ಕೈಯಲ್ಲಿ ದೊಡ್ಡ ಆಸ್ತಿಯಾಗುವುದು ಸರಿಯಲ್ಲವೆಂದು ಸಂಗ್ರಾಹಕರು ಪ್ರತಿಭಟಿಸಿದರು. ಸಂಸತ್ತಿನಲ್ಲೂ ಪ್ರಶ್ನೆ ಎದ್ದಿತು. ಕೊನೆಗೆ 1935ರಲ್ಲಿ ಅಂಥದ್ದೇ ಹಾಳೆಗಳನ್ನು ಮತ್ತೆ ಮುದ್ರಿಸಿ, ಮುಖಬೆಲೆಗೇ ಸಾರ್ವಜನಿಕರಿಗೆ ಮಾರಬೇಕಾಯಿತು. ಅಧ್ಯಕ್ಷರ ಹಾಳೆಗೂ ಸಾಮಾನ್ಯನ ಹಾಳೆಗೂ ನೋಟದಲ್ಲಿ ವ್ಯತ್ಯಾಸ ಉಳಿಯಲಿಲ್ಲ.

1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡರು. ಮರುವರ್ಷ ಅವರ ಸಂಗ್ರಹ ಹರಾಜಾಗಿ, ಎರಡು ಲಕ್ಷ ಡಾಲರ್‌ಗೂ ಹೆಚ್ಚು ಹಣ ಬಂತು. ಆದರೆ ಅವರ ಕಾಲದ ಆ ಪುಟ್ಟ ಬೆಟ್ಟ, ಕಣಿವೆಗಳು ಇಂದಿಗೂ ಎಷ್ಟೋ ಸಾಮಾನ್ಯರ ಆಲ್ಬಮ್‌ಗಳಲ್ಲಿವೆ. ಸರ್ಕಾರ ಮುದ್ರಿಸಿದ್ದು ಎಲ್ಲರಿಗೂ ಒಂದೇ ಬೆಲೆಗೆ ಸಿಗಬೇಕು ಎಂದು ಅಂದು ಕೇಳಿದವರಿಗೂ ಅದರ ಶ್ರೇಯ ಸಲ್ಲಬೇಕು.